ಗುರುವಾರದ ಹೊಟ್ಟೆನೋವು

(ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ವಿದ್ಯಾರ್ಥಿಗಳ ಕಷ್ಟ ಕೇಳುವ ನನ್ನ ಬಳಿ ಅವಳು ಬಂದದ್ದು ಇಂಗ್ಲಿಷಿನ ತೊಂದರೆ ಹೇಳಿಕೊಳ್ಳಲು ಅಲ್ಲ, ಹೊಟ್ಟೆನೋವಿಗೆ. ವೈದ್ಯರು ಎರಡು ಸಲ ನೋಡಿ ಏನೂ ಇಲ್ಲವೆಂದಿದ್ದರು. ನೋವು ಬರುತ್ತಿದ್ದುದು ಗುರುವಾರ ಬೆಳಿಗ್ಗೆ ಮಾತ್ರ. ಗುರುವಾರ ಏನಿದೆ ಎಂದು ಕೇಳಿದೆ. "ಸೆಮಿನಾರ್ ಮೇಡಂ" ಎಂದು ನೆಲ ನೋಡಿದಳು.

ಅರ್ಥಶಾಸ್ತ್ರದ ಎಂ.ಎ., ಮೊದಲ ವರ್ಷ. ಪದವಿಯವರೆಗೂ ಕನ್ನಡದಲ್ಲೇ ಓದಿ ಒಳ್ಳೆಯ ಅಂಕ ಪಡೆದವಳು. ಇಲ್ಲಿ ಪಾಠ, ಪುಸ್ತಕ, ಪರೀಕ್ಷೆ ಎಲ್ಲವೂ ಇಂಗ್ಲಿಷ್. "ನನಗೆ ಅಷ್ಟು ಬುದ್ಧಿ ಇಲ್ಲ ಮೇಡಂ, ತಪ್ಪಿ ಇಲ್ಲಿಗೆ ಬಂದುಬಿಟ್ಟೆ" ಎಂದಳು. ಬೆಲೆ ಏರಿದರೂ ಕೆಲವು ವಸ್ತುಗಳ ಬೇಡಿಕೆ ಏಕೆ ಅಷ್ಟಾಗಿ ಕುಗ್ಗುವುದಿಲ್ಲ, ಕನ್ನಡದಲ್ಲೇ ಹೇಳಿ ಎಂದೆ. ನನ್ನ ಟಿಪ್ಪಣಿ ಪುಸ್ತಕ ಎಳೆದುಕೊಂಡು, ಎರಡು ರೇಖೆ ಬರೆದು, ಹತ್ತು ನಿಮಿಷ ನಿಲ್ಲದೆ ವಿವರಿಸಿದಳು. ಬುದ್ಧಿಯ ಪ್ರಶ್ನೆ ಅಲ್ಲಿಗೆ ಮುಗಿಯಿತು, ನನ್ನ ಮಟ್ಟಿಗಾದರೂ.

ಆಮೇಲೆ ನಾನು ಮಾಡಿದ್ದು ತಪ್ಪು. ಪ್ರತಿ ಸೆಮಿನಾರಿನಲ್ಲೂ ಒಂದು ಮಾತಾದರೂ ಆಡಿ, ಭಯ ತಾನೇ ಹೋಗುತ್ತದೆ ಎಂದು ಕಳಿಸಿದೆ. ಎಲ್ಲರೂ ಕೊಡುವ ಸಲಹೆ, ಕೊಡಲು ಸುಲಭ. ಅವಳು ಆಡಿದಳು. ಸಾಲದ ಕುರಿತು ಮಾತಾಡುತ್ತ 'ಡೆಟ್' ಎನ್ನಬೇಕಾದಲ್ಲಿ ನಾಲ್ಕು ಸಲ 'ಡೆಬ್ಟ್' ಎಂದಳು. ಹಿಂದಿನ ಬೆಂಚಿನಲ್ಲಿ ಇಬ್ಬರು ನಕ್ಕರು. ಮೂರು ವಾರ ಅವಳು ಸೆಮಿನಾರಿಗೂ ಹೋಗಲಿಲ್ಲ, ನನ್ನ ಬಳಿಗೂ ಬರಲಿಲ್ಲ.

ಮರಳಿ ಬಂದಾಗ ಆ ಪದದ ಕಥೆ ಹೇಳಿದೆ. ಇಂಗ್ಲಿಷಿಗೆ ಅದು ಫ್ರೆಂಚಿನಿಂದ 'ಬಿ' ಇಲ್ಲದೆಯೇ ಬಂದಿತ್ತು. ಲ್ಯಾಟಿನ್ ಮೂಲ ಕಾಣಿಸಲೆಂದು ಪಂಡಿತರು ಆಮೇಲೆ ಕಾಗುಣಿತದಲ್ಲಿ ಆ ಅಕ್ಷರ ತುರುಕಿದರು, ಜನ ಮಾತ್ರ ಮೊದಲಿನಂತೆಯೇ ಉಚ್ಚರಿಸಿದರು. ಬರೆದಂತೆ ಓದುವ ಕನ್ನಡದಿಂದ ಹೋದವಳು ಕಾಗದದ ಮೇಲಿದ್ದುದನ್ನು ನಂಬಿದ್ದಳು, ಅಷ್ಟೆ. ಅವಳು ನಕ್ಕದ್ದನ್ನು ನಾನು ನೋಡಿದ್ದು ಅಂದೇ ಮೊದಲು.

ಎಲೇನ್ ಹಾರ್ವಿಟ್ಜ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ, ತರಗತಿಯಲ್ಲಿನ ಭಾಷಾ ಆತಂಕವನ್ನು ಅಳೆಯುವ 33 ಹೇಳಿಕೆಗಳ ಪ್ರಶ್ನಾವಳಿಯೊಂದಿದೆ. ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಹಠಾತ್ತನೆ ಹೆಸರು ಕರೆದರೆ, ತಯಾರಿಯಿಲ್ಲದೆ ಮಾತಾಡಬೇಕಾದರೆ, ಇತರರು ನಕ್ಕರೆ ಎಂಬಂಥ ಕಡೆಗಳಲ್ಲೆಲ್ಲ ಗಟ್ಟಿಯಾಗಿ ಹೌದು ಎಂದಳು. ಒಂಟಿಯಾಗಿ ಕೂತು ಓದುವಾಗ ಆ ಹೆದರಿಕೆ ಇರಲಿಲ್ಲ. ಆದರೆ ಓದು ಸಾಗುತ್ತಿರಲಿಲ್ಲ. ಏಕೆಂದು ತಿಳಿಯಲು ಅವಳು ಓದುತ್ತಿದ್ದ ಒಂದು ಪುಟವನ್ನೇ ತರಿಸಿದೆ.

ಆ ಜೆರಾಕ್ಸ್ ಪ್ರತಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಸಾಲುಗಳ ನಡುವೆ ಪೆನ್ಸಿಲಿನಲ್ಲಿ ಇರುವೆಸಾಲಿನಂತೆ ಕನ್ನಡ ಅರ್ಥಗಳು. 'ಎಲಾಸ್ಟಿಸಿಟಿ'ಯಂಥ ಪಾರಿಭಾಷಿಕ ಪದಗಳ ಮೇಲೆ ಏನೂ ಇರಲಿಲ್ಲ, ಅವು ಅವಳಿಗೆ ಗೊತ್ತಿದ್ದವು. ಎಡವುತ್ತಿದ್ದುದು ಸಣ್ಣ ಪದಗಳಲ್ಲಿ. 'ಪ್ರೊವೈಡೆಡ್ ದಟ್' ಎಂಬುದರ ಮೇಲೆ 'ಒದಗಿಸಲಾಗಿದೆ' ಎಂದು ಬರೆದುಕೊಂಡಿದ್ದಳು. ಬೆಲೆ ಇಳಿದರೆ ಬೇಡಿಕೆ ಏರುತ್ತದೆ, ಆದರೆ ಉಳಿದ ಅಂಶಗಳು ಬದಲಾಗದಿದ್ದರೆ ಮಾತ್ರ ಎನ್ನುವ ಷರತ್ತು ಅದು. ನಿಘಂಟು ಸುಳ್ಳು ಹೇಳಿರಲಿಲ್ಲ, ಆದರೂ ಷರತ್ತೇ ಮಾಯವಾಗಿತ್ತು. 'ವೇರ್‌ಆ್ಯಸ್', 'ಅನ್‌ಲೆಸ್', 'ಹೆನ್ಸ್' ಎಂಬ, ಮಾತಿಗೆ ಮಾತು ಜೋಡಿಸುವ ಪದಗಳ ಪಾಡೂ ಅದೇ.

ಮಾತಿನ ತೊಡಕು ಬೇರೆ ಬಗೆಯದು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬೇಕು. ಇವಳು ಕನ್ನಡದಲ್ಲಿ ಪೂರ್ತಿ ವಾಕ್ಯ ಕಟ್ಟಿ, ಅದರ ಬಾಲವನ್ನು ಮುಂದಕ್ಕೆ ತಂದು ಜೋಡಿಸಿ, 'ಎ' ಬೇಕೋ 'ದಿ' ಬೇಕೋ ಎಂದು ತೂಗಿ ಬಾಯಿ ತೆರೆಯುವಷ್ಟರಲ್ಲಿ ಚರ್ಚೆ ಮುಂದೆ ಹೋಗಿರುತ್ತಿತ್ತು.

ಇಂಗ್ಲಿಷಿನಲ್ಲೇ ಯೋಚಿಸಿ ಎಂದು ಅವಳಿಗೆ ಯಾರೋ ಹೇಳಿದ್ದರು. ನಾನು ಬೇಡವೆಂದೆ. ಅರ್ಥಶಾಸ್ತ್ರವನ್ನು ಅವಳು ಚೆನ್ನಾಗಿ ಯೋಚಿಸಬಲ್ಲ ಭಾಷೆ ಕನ್ನಡ, ಕೈಯಲ್ಲಿರುವುದನ್ನು ಚೆಲ್ಲಿ ಬರಿಗೈಯಲ್ಲಿ ನಿಲ್ಲುವುದೇಕೆ? ವ್ಯಾಕರಣ ಪುಸ್ತಕವನ್ನು ಮೊದಲಿನಿಂದ ಓದುವುದಕ್ಕೂ ತಡೆ ಹಾಕಿದೆ. ಓದುವಾಗ ಪೆನ್ಸಿಲ್ ಕೆಳಗಿಟ್ಟು ಇಡೀ ಪ್ಯಾರಾ ಒಮ್ಮೆ ಓದಬೇಕು. ಎರಡನೇ ಓದಿಗೆ 'ಪ್ರೊವೈಡೆಡ್ ದಟ್'ನಂಥ, ವಾಕ್ಯ ತಿರುಗುವ ಪದಗಳಿಗೆ ಮಾತ್ರ ಸುತ್ತು ಹಾಕಬೇಕು. ಅರ್ಥವನ್ನು ಪದದ ತಲೆಯ ಮೇಲೆ ಬರೆಯದೆ ಪ್ಯಾರಾದ ಸಾರವನ್ನು ಅಂಚಿನಲ್ಲಿ ಕನ್ನಡದ ಒಂದು ವಾಕ್ಯವಾಗಿ ಬರೆಯಬೇಕು. ಶಾಸ್ತ್ರ ಯಾವುದಾದರೂ ಇಂಗ್ಲಿಷ್ ಪಠ್ಯಗಳಲ್ಲಿ ಮತ್ತೆ ಮತ್ತೆ ಬರುವ ಪದಗಳನ್ನು ಏವರಿಲ್ ಕಾಕ್ಸ್‌ಹೆಡ್ 2000ದಲ್ಲಿ 570 ಪದಕುಟುಂಬಗಳ (ಒಂದೇ ಮೂಲ ಪದದ ರೂಪಗಳ ಗುಂಪುಗಳ) ಪಟ್ಟಿಯಾಗಿ ಕೊಟ್ಟಿದ್ದಾರೆ. ಅದರಲ್ಲಿ ದಿನಕ್ಕೆ ಐದು, ಅದೂ ತನ್ನ ಪಠ್ಯದಲ್ಲಿ ಕಂಡ ವಾಕ್ಯದ ಸಮೇತ.

ಸೆಮಿನಾರಿಗೆ ಅವಳು ಪೂರ್ತಿ ಭಾಷಣ ಬಾಯಿಪಾಠ ಮಾಡುತ್ತಿದ್ದಳು, ಯಾರಾದರೂ ನಡುವೆ ಬಾಯಿ ಹಾಕಿದರೆ ಎಲ್ಲ ಕುಸಿಯುತ್ತಿತ್ತು. ಮೊದಲ ಎರಡು ವಾಕ್ಯ ಮಾತ್ರ ಬಾಯಿಗೆ ಬರಲಿ, ಉಳಿದದ್ದಕ್ಕೆ ಚೀಟಿಯಲ್ಲಿ ಐದು ಪದ ಸಾಕು ಎಂದೆ. ಪ್ರಶ್ನೆ ಬಂದರೆ, ಒಂದು ಕ್ಷಣ ಕೊಡಿ ಎಂದು ಇಂಗ್ಲಿಷಿನಲ್ಲಿ ಕೇಳುವ ಒಂದು ವಾಕ್ಯವನ್ನು ನನ್ನೆದುರು ಇಪ್ಪತ್ತು ಸಲ ಹೇಳಿಸಿದೆ. ನನಗೇ ಬೇಸರ ಬಂತು, ಅವಳಿಗೆ ಬರಲಿಲ್ಲ. ಅವಳ ಅನುಮತಿ ಪಡೆದು ಅಧ್ಯಾಪಕರೊಂದಿಗೂ ಮಾತಾಡಿದೆ. ಹಠಾತ್ತನೆ ಹೆಸರು ಕರೆಯುವುದನ್ನು ಸದ್ಯಕ್ಕೆ ನಿಲ್ಲಿಸಲು ಅವರು ಒಪ್ಪಿದರು. ಕನ್ನಡದಲ್ಲಿ ಉತ್ತರಿಸಲು ಬಿಡಿ ಎಂಬ ಮಾತಿಗೆ ಒಪ್ಪಲಿಲ್ಲ.

ನಾಲ್ಕು ತಿಂಗಳಾಯಿತು. ಹೊಟ್ಟೆನೋವು ಪೂರ್ತಿ ಹೋಗಿಲ್ಲ, ಆದರೆ ನೋವಿದ್ದರೂ ಹೋಗುತ್ತಾಳೆ. ಕಳೆದ ಸೆಮಿನಾರಿನಲ್ಲಿ ಕಲಿತ ವಾಕ್ಯ ಹೇಳಿ ಸಮಯ ಕೇಳಿದಳಂತೆ, ಎಲ್ಲರೂ ಸುಮ್ಮನೆ ಕಾದರಂತೆ. ಅದೇ ಅವಳಿಗೆ ದೊಡ್ಡ ಸುದ್ದಿ. ಈಗ ತಂದಿರುವ ಕಷ್ಟ ಬೇರೆ. ಕಿರುಪ್ರಬಂಧದಲ್ಲಿ ತನ್ನ ಇಂಗ್ಲಿಷನ್ನು ನಂಬಲಾರದೆ ಪುಸ್ತಕದ ವಾಕ್ಯಗಳನ್ನೇ ಹಾಗೆಹಾಗೆಯೇ ಇಳಿಸಿದ್ದಾಳೆ, ಮಾರ್ಗದರ್ಶಕರು ಹಿಡಿದಿದ್ದಾರೆ. ಆ ಎರಡು ಪುಟಗಳನ್ನೂ, ಅದೇ ಮಾತನ್ನು ಕನ್ನಡದಲ್ಲಿ ತಾನೇ ಬರೆದ ಒಂದು ಪುಟವನ್ನೂ ಮಂಗಳವಾರ ತರಲು ಹೇಳಿದ್ದೇನೆ.