ಫೆರಿಟಿನ್ 612 ಮತ್ತು ನಿಂತುಹೋದ ಮುದ್ದೆ

(ಅವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರು, ಕೆಲವು ವಿವರ ಬದಲಿಸಿದ್ದೇನೆ.)

ಕ್ಯಾನ್ಸರ್ ರೋಗಿಗಳ, ಅವರ ಮನೆಯವರ ಜೊತೆ ಕೂತು ಮಾತಾಡಿ ತಿಳಿಹೇಳುವುದು ನನ್ನ ಕೆಲಸ. ಸಾವಿತ್ರಮ್ಮ ಆಸ್ಪತ್ರೆಯ ನನ್ನ ಕೋಣೆಗೆ ಬಂದಾಗ ಮೂರನೇ ಕೀಮೋ ಮುಗಿದಿತ್ತು. ವಯಸ್ಸು 47, ಮಂಡ್ಯ ಕಡೆಯವರು, ಎಡ ಸ್ತನದ ಕ್ಯಾನ್ಸರ್. ಜೊತೆಗೆ ಅತ್ತೆ, ಮಗಳು. ಅಜ್ಜಿ ಮೊಮ್ಮಗಳು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನರ್ಸ್ ಕಳಿಸಿದ ಚೀಟಿಯಲ್ಲಿ ಇಷ್ಟೇ ಇತ್ತು: ‘ಎರಡು ವಾರದಲ್ಲಿ ಮೂರು ಕೆಜಿ ಇಳಿದಿದ್ದಾರೆ. ಮನೇಲಿ ಏನೋ ಜಗಳ.’

ಜಗಳ ಶುರುವಾಗಿದ್ದು ರಕ್ತದ ರಿಪೋರ್ಟಿನಿಂದ. ಹಿಮೋಗ್ಲೋಬಿನ್ 9.4, ಅದು ಕಮ್ಮಿ. ಕಬ್ಬಿಣ ಕೂಡಿಡುವ ಪ್ರೋಟೀನಾದ ಫೆರಿಟಿನ್ 612, ಅದು ಜಾಸ್ತಿ. ಅತ್ತೆ ಮೊದಲನೆಯದನ್ನು ಹಿಡಿದರು: ರಕ್ತ ಇಲ್ಲ, ಖರ್ಜೂರ ತಿನ್ನು, ಬೀಟ್‌ರೂಟ್ ಕುಡಿ. ಮೆಡಿಕಲ್ ಶಾಪಿನಿಂದ ಕಬ್ಬಿಣದ ಮಾತ್ರೆಯನ್ನೂ ತರಿಸಿದ್ದರು. ಮಗಳು ಎರಡನೆಯದನ್ನು ಹಿಡಿದಳು. ಬಿ.ಎಸ್ಸಿ ಓದುತ್ತಿರುವ ಹುಡುಗಿ. ಈ ಫೆರಿಟಿನ್ ಗಡ್ಡೆಯನ್ನು ಬೆಳೆಸುತ್ತದೆ ಅಂತ ಮೊಬೈಲಿನಲ್ಲಿ ಓದಿ, ನುಗ್ಗೆಸೊಪ್ಪು, ರಾಗಿ, ಮೊಟ್ಟೆ ಎಲ್ಲ ನಿಲ್ಲಿಸಿದ್ದಳು. ಕಬ್ಬಿಣದ ಬಾಣಲಿಯೂ ಅಟ್ಟ ಸೇರಿತ್ತು.

“ಅತ್ತೆ ತಿನ್ನು ಅಂತಾರೆ, ಮಗಳು ಬೇಡ ಅಂತಾಳೆ. ಅನ್ನ ಮಜ್ಜಿಗೆ ಕುಡ್ಕೊಂಡು ಸುಮ್ನೆ ಮಲಗ್ತೀನಿ ಮೇಡಮ್,” ಅಂದರು ಸಾವಿತ್ರಮ್ಮ.

ಮಗಳು ಓದಿದ್ದು ಸುಳ್ಳಲ್ಲ, ಅದನ್ನು ಮೊದಲು ಒಪ್ಪಿಕೊಂಡೆ. ಸ್ತನದ ಗಡ್ಡೆಯೊಳಗೆ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕಣಗಳು ಸೇರಿಕೊಳ್ಳುತ್ತವೆ, ಅವುಗಳಲ್ಲಿ ಫೆರಿಟಿನ್ ಕಂಡಿದ್ದೂ ಉಂಟು. ಲ್ಯಾಬಿನಲ್ಲಿ ಕ್ಯಾನ್ಸರ್ ಕಣಗಳಿಗೆ ಫೆರಿಟಿನ್ ಹಾಕಿದಾಗ ಅವು ಬೆಳೆದದ್ದೂ ನಿಜ. ಆದರೆ ಕಬ್ಬಿಣವೇ ಇಲ್ಲದ ಖಾಲಿ ಫೆರಿಟಿನ್ ಹಾಕಿದರೂ ಬೆಳೆದವು. “ಹಾಗಿದ್ರೆ ನುಗ್ಗೆಸೊಪ್ಪಿನ ತಪ್ಪೇನು?” ಅಂದೆ. ಅವಳು ಮಾತಾಡಲಿಲ್ಲ.

ಕಬ್ಬಿಣದ ಲೆಕ್ಕ ಹೇಳಿದೆ. ಊಟದಿಂದ ದೇಹ ದಿನಕ್ಕೆ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಮ್ಯಾಕ್ರೋಫೇಜ್‌ಗಳು ಸುಮಾರು 120 ದಿನ ಬಾಳಿ ಮುಗಿದ ಕೆಂಪು ರಕ್ತಕಣಗಳನ್ನು ನುಂಗಿ, ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ವಾಪಸ್ ಕೊಡುತ್ತವೆ. ಉರಿಯೂತ ಇದ್ದಾಗ ಲಿವರ್ ಹೆಪ್ಸಿಡಿನ್ ಅನ್ನೋ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಆಗ ಮ್ಯಾಕ್ರೋಫೇಜ್‌ಗಳ ಬಾಗಿಲು ಮುಚ್ಚುತ್ತದೆ, ಕಬ್ಬಿಣ ಒಳಗೇ ಉಳಿಯುತ್ತದೆ. ಫೆರಿಟಿನ್ ಏರುತ್ತದೆ, ರಕ್ತ ಮಾತ್ರ ಕಮ್ಮಿ. ಕೀಮೋ ಕೂಡ ಹಿಮೋಗ್ಲೋಬಿನ್ ಇಳಿಸುತ್ತದೆ.

ಅಷ್ಟರಲ್ಲಿ ಅತ್ತೆ ಬಾಯಿಬಿಟ್ಟರು. “ನೆಲದೊಳಗೆ ರಾಗಿ ತುಂಬಿಡೋ ಹಗೇವು ಇದ್ದಂಗೆ ಅನ್ನಿ. ನಮ್ಮಜ್ಜಿ ಕಾಲದಲ್ಲಿ ಕಳ್ಳರ ಭಯ ಅಂದ್ರೆ ಹಗೇವಿನ ಬಾಯಿಗೆ ಮಣ್ಣು ಮೆತ್ತೋರಂತೆ. ಒಳಗೆ ರಾಗಿ ತುಂಬಿರೋದು, ಮನೆಯೋರಿಗೆ ಗಂಜಿ.”

ಹತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಇಷ್ಟು ಚೆನ್ನಾಗಿ ನನಗೆ ಹೊಳೆದಿರಲಿಲ್ಲ. ಸೋಂಕಿನ ಕ್ರಿಮಿಗಳಿಗೂ ಕಬ್ಬಿಣ ಬೇಕು. ದೇಹ ಅದನ್ನು ಬಚ್ಚಿಡುವುದು ಆ ಕಳ್ಳರಿಂದಲೇ.

ರಿಪೋರ್ಟಿನ ಎರಡನೇ ಹಾಳೆಯನ್ನು ಯಾರೂ ನೋಡಿರಲಿಲ್ಲ. ಸಿಆರ್‌ಪಿ ಜಾಸ್ತಿ, ಅಂದರೆ ಉರಿಯೂತ ಇದೆ. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಶೇ. 14. ಅದು 20ಕ್ಕಿಂತ ಕೆಳಗಿದ್ದರೆ ರಕ್ತದಲ್ಲಿ ಓಡಾಡುವ ಕಬ್ಬಿಣ ಕಮ್ಮಿ ಅಂತ. ಮುಂದೇನು, ಡ್ರಿಪ್‌ನಲ್ಲಿ ಕಬ್ಬಿಣ ಕೊಡಬೇಕಾ, ಕಾಯಬೇಕಾ, ಅದನ್ನು ಹೇಳುವವರು ಕ್ಯಾನ್ಸರ್ ಡಾಕ್ಟರ್. ನಾನಲ್ಲ. ಆ ಪ್ರಶ್ನೆಯನ್ನು ಮಗಳ ಕೈಯಲ್ಲೇ ಬರೆಸಿದೆ.

ಅತ್ತೆಗೆ ಹೇಳಿದ್ದು: ಅಂಗಡಿ ಮಾತ್ರೆ ಇವತ್ತೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಅಡುಗೆ ಎಂದಿನಂತೆ ಇರಲಿ, ಚೆನ್ನಾಗಿ ಬೆಂದಿರಲಿ. ಮಗಳಿಗೆ: ಫೆರಿಟಿನ್ ಹಿಂದೆ ಬೀಳಬೇಡ, ಥರ್ಮಾಮೀಟರ್ ಇಟ್ಟುಕೋ. ಕೀಮೋ ನಡೆಯುವಾಗ ಬಿಳಿ ರಕ್ತಕಣ ಇಳಿದಿರುತ್ತದೆ, ಜ್ವರ 100.4 ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಬಾ. ಅವಳ ಕಣ್ಣು ತುಂಬಿತು. ಅಮ್ಮ ಸೊರಗಿದ್ದಕ್ಕೆ ತಾನೇ ಕಾರಣ ಅಂದುಕೊಂಡಿದ್ದಳು. ಹುಡುಗಿಯನ್ನು ಬೇರೆಯಾಗಿ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದೆ. ನಿಜ ಹೇಳಬೇಕೆಂದರೆ ಅವತ್ತಿನ ಮುಖ್ಯ ಕೆಲಸ ಅದೇ.

ಕೊನೆಗೆ ಸಾವಿತ್ರಮ್ಮನನ್ನು ಕೇಳಿದೆ, ನಿಮಗೇನು ತಿನ್ನಬೇಕು ಅನ್ನಿಸುತ್ತೆ? ಇಷ್ಟು ದಿನ ಯಾರೂ ಅದನ್ನು ಕೇಳಿರಲಿಲ್ಲವಂತೆ.

“ಬಿಸಿ ಮುದ್ದೆ, ಬಸ್ಸಾರು. ಒಂದು ಚಿಕ್ಕ ಮುದ್ದೆ ಸಾಕು.”

ಮೂರು ವಾರದ ನಂತರ ಬಂದಾಗ ಒಂದು ಕೆಜಿ ಏರಿದ್ದರು. ಫೆರಿಟಿನ್ ಎಷ್ಟು ಅಂತ ಮಗಳು ಕೇಳಲಿಲ್ಲ, ಅತ್ತೆ ಕೇಳಿದರು.