ಅಮ್ಮ ‘ಹೂಂ’ ಅಂದರು, ಆಮೇಲೆ ಮಾತು ಬಿಟ್ಟರು

ಪ್ರಶ್ನೆ: ನನಗೆ 26 ವರ್ಷ. ಊರು ತಿಪಟೂರಿನ ಹತ್ತಿರ. ಬೆಂಗಳೂರಿನಲ್ಲಿ ನರ್ಸ್ ಆಗಿದ್ದೇನೆ. ಜರ್ಮನ್ ಪರೀಕ್ಷೆ ಪಾಸಾಗಿ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ಅಪ್ಪ ಇಲ್ಲ. ಅಣ್ಣ ಹೋಗು ಅಂತಾನೆ. ಅಮ್ಮ ‘ಹೂಂ’ ಅಂದವರು ಆವತ್ತಿನಿಂದ ಸರಿಯಾಗಿ ಮಾತಾಡುತ್ತಿಲ್ಲ. ಈಚೆಗೆ ಗಾಂಧೀಜಿ ಮತ್ತು ಚೀನಾದ ಬ್ಯಾಲೆ ನರ್ತಕ ಲೀ ಸುನ್‌ಶಿನ್, ಇಬ್ಬರ ಆತ್ಮಕಥೆಯನ್ನೂ ಓದಿದೆ. ಒಬ್ಬರು ಅಮ್ಮನ ಮಾತು ಕೇಳಿದರು. ಇನ್ನೊಬ್ಬರು ಮನೆಯವರನ್ನು ಬಿಟ್ಟು ಅಮೆರಿಕದಲ್ಲೇ ಉಳಿದರು. ನಾನು ಯಾರ ಹಾಗೆ ಮಾಡಲಿ?

ಉತ್ತರ: ನೀವು ಓದಿದ್ದು ಸರಿ, ಲೆಕ್ಕ ಹಾಕಿದ್ದು ಸ್ವಲ್ಪ ತಪ್ಪಿದೆ ಅನಿಸುತ್ತದೆ.

ಲೀ ಅಪ್ಪ-ಅಮ್ಮನ ಮಾತು ಮೀರಿದವರಲ್ಲ. ಚಿಂಗ್‌ಡಾವ್ ಹತ್ತಿರದ ಬಡ ರೈತರ ಮನೆ, ಏಳು ಗಂಡುಮಕ್ಕಳು, ಇವರು ಆರನೆಯವರು. ಹೊಟ್ಟೆ ತುಂಬಿದ ದಿನ ಕಡಿಮೆ. 11 ವರ್ಷದ ಹುಡುಗನನ್ನು ಬೀಜಿಂಗ್‌ನ ನೃತ್ಯ ಶಾಲೆಗೆ ಆರಿಸಿದಾಗ ಮನೆಯವರು ಖುಷಿಯಿಂದಲೇ ಕಳಿಸಿದರು. ಬಾವಿಯೊಳಗಿನ ಕಪ್ಪೆಯ ಕಥೆ ಹೇಳಿ ಮಗನಿಗೆ ಹೊರಗಿನ ಆಸೆ ಹುಟ್ಟಿಸಿದ್ದೇ ಅಪ್ಪ. (ನಮ್ಮ ಕೂಪಮಂಡೂಕ ಅಲ್ಲೂ ಇದೆ ನೋಡಿ!) 1981ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ, ಇಲ್ಲೇ ಉಳಿಯುತ್ತೇನೆ ಅಂದಾಗ ಲೀ ಎದುರು ಹಾಕಿಕೊಂಡದ್ದು ತಮ್ಮ ಸರ್ಕಾರವನ್ನು. ಚೀನಾದ ಕಾನ್ಸುಲೇಟಿನಲ್ಲಿ 21 ಗಂಟೆ ಕೂಡಿಹಾಕಿದ್ದರು. ಆಮೇಲೆ ಊರಿಗೆ ಹೋಗುವ ಹಾಗಿರಲಿಲ್ಲ. 1984ರಲ್ಲಿ ಅಪ್ಪ-ಅಮ್ಮನಿಗೇ ಹ್ಯೂಸ್ಟನ್‌ಗೆ ಬರಲು ಅನುಮತಿ ಸಿಕ್ಕಿತು. ಬಂದವರು ಥಿಯೇಟರಿನಲ್ಲಿ ಕೂತು ಮಗ ಕುಣಿಯುವುದನ್ನು ನೋಡಿದರು. ಅವರಿಗೆ ಆ ಕಷ್ಟ ಬಂದದ್ದು ಬಾಗಿಲು ಮುಚ್ಚಿದ್ದರಿಂದ. ನಿಮಗೆ ಯಾರೂ ಬಾಗಿಲು ಮುಚ್ಚಿಲ್ಲ.

ಗಾಂಧೀಜಿಯೂ ಎಲ್ಲರ ಮಾತು ಕೇಳಿದವರೇನಲ್ಲ. ಬಾಂಬೆಯಲ್ಲಿ ಅವರ ಜಾತಿಯ ಯಜಮಾನರು ಸಭೆ ಸೇರಿಸಿ, ಸಮುದ್ರ ದಾಟಬೇಡ ಅಂದರು. 18ರ ಹುಡುಗ ಹೋಗೇ ಹೋಗುತ್ತೇನೆ ಅಂದ. ಜಾತಿಯಿಂದ ಹೊರಗೆ ಹಾಕಿದರು. ಬೀಳ್ಕೊಡಲು ಹಡಗುಕಟ್ಟೆಗೆ ಹೋದವರಿಗೆ ಒಂದೂಕಾಲು ರೂಪಾಯಿ ದಂಡ ಅಂತಲೂ ಸಾರಿದರು! ಆದರೂ 1888ರ ಸೆಪ್ಟೆಂಬರ್ 4ಕ್ಕೆ ಇಂಗ್ಲೆಂಡಿನ ಹಡಗು ಹತ್ತಿದರು. ಅಣ್ಣ ದುಡ್ಡು ಕೊಟ್ಟರು. ಕೆಲವೇ ತಿಂಗಳ ಕೂಸನ್ನು ಎತ್ತಿಕೊಂಡು ಕಸ್ತೂರಬಾ ಮನೆಯಲ್ಲಿ ಉಳಿದರು. ಆಕೆಯನ್ನು ಯಾರು ಕೇಳಿದರೋ.

ಆದರೆ ಅಮ್ಮ ಪುತಲೀಬಾಯಿಯ ವಿಷಯ ಬೇರೆ. ನೀವು ಅದನ್ನೇ ಇನ್ನೊಂದು ಸಲ ಓದಬೇಕು. ಆಕೆ ಸುಮ್ನೆ ಬೇಡ ಅನ್ನಲಿಲ್ಲ. ಅವರಿವರನ್ನು ವಿಚಾರಿಸಿದರು. ಅಲ್ಲಿಗೆ ಹೋದ ಹುಡುಗರು ಕೆಡುತ್ತಾರಂತೆ, ಮಾಂಸ ತಿನ್ನುತ್ತಾರಂತೆ, ಕುಡಿಯದೆ ಬದುಕೋಕೇ ಆಗಲ್ವಂತೆ, ಇದಕ್ಕೇನು ಹೇಳ್ತೀಯಾ ಅಂತ ಮಗನನ್ನೇ ಕೇಳಿದರು. ಮಗನ ಬಾಯಿಮಾತು ಸಾಲದಾದಾಗ ಬೇಚರ್‌ಜಿ ಸ್ವಾಮಿ ಅನ್ನುವ ಜೈನ ಸಾಧು ಮೂರು ಪ್ರತಿಜ್ಞೆ ಮಾಡಿಸಿದರು. ಹೆಂಡ, ಹೆಣ್ಣು, ಮಾಂಸ ಮುಟ್ಟುವುದಿಲ್ಲ. ಆಮೇಲೆ ಆಕೆ ಒಪ್ಪಿದರು. ಭಯಕ್ಕೆ ಹೆಸರಿತ್ತು, ಅದಕ್ಕೇ ಉತ್ತರ ಸಿಕ್ಕಿತು.

ನಿಮ್ಮ ಅಮ್ಮನ ಭಯಕ್ಕೆ ಇನ್ನೂ ಹೆಸರಿಲ್ಲ. ‘ಹೂಂ’ ಅಂದಿದ್ದಾರೆ, ಅಷ್ಟೇ. ನೀವೂ ಕೇಳಿಲ್ಲ ಅಂತ ಕಾಣುತ್ತದೆ. ಪತ್ರದ ತುಂಬ ನಿಮ್ಮ ತಪ್ಪು-ಸರಿಯ ಮಾತೇ ಇದೆ, ಅವರ ಮಾತು ಒಂದೂ ಇಲ್ಲ.

ಕೆಟ್ಟದ್ದನ್ನೂ ಹೇಳಿಬಿಡುತ್ತೇನೆ. 1891ರಲ್ಲಿ ಗಾಂಧೀಜಿ ವಾಪಸ್ ಬಂದಾಗ ತಾಯಿ ಇರಲಿಲ್ಲ. ಪರದೇಶದಲ್ಲಿ ಒಬ್ಬನೇ ಇದ್ದಾನೆ, ಎದೆಗೆಟ್ಟಾನು ಅಂತ ಅಣ್ಣ ಸುದ್ದಿಯನ್ನೇ ಮುಚ್ಚಿಟ್ಟಿದ್ದರು. ಈಗ ದಿನಾ ವಿಡಿಯೋ ಕಾಲ್ ಇದೆ ನಿಜ, ಆದರೂ ಈ ಭಯ ನಿಮ್ಮಿಬ್ಬರಿಗೂ ಇದ್ದೇ ಇರುತ್ತದೆ. ‘ನನಗೆ ಹುಷಾರಿಲ್ಲ ಅಂದರೂ ಮುಚ್ಚಿಡಬೇಡ’ ಅಂತ ನಿಮ್ಮ ಅಣ್ಣನ ಹತ್ತಿರ ಮಾತು ತಗೊಳ್ಳಲಿ ಅಮ್ಮ. ನೀವೂ ತಗೊಳ್ಳಿ.

ಅಲ್ಲಿ ಹೋಗಿ ಬದಲಾಗಿಬಿಡುತ್ತೇನಾ ಅನ್ನುವ ಚಿಂತೆ ಇದ್ದರೆ ಬಿಡಿ. ಲಂಡನ್ನಿನಲ್ಲಿ ಸಾಹೇಬರ ಹಾಗೆ ಆಗಬೇಕು ಅಂತ ಗಾಂಧೀಜಿ 3 ಪೌಂಡ್ ಕಟ್ಟಿ ಡ್ಯಾನ್ಸ್ ಕ್ಲಾಸಿಗೆ ಸೇರಿದ್ದರು. ಮೂರು ವಾರದಲ್ಲಿ ಆರು ಪಾಠ. ಪಿಯಾನೋಗೆ ಕಾಲು ಕೂಡಲೇ ಇಲ್ಲ! ಇದನ್ನು ಓದಿದಾಗ ಲೀ ನೆನಪಾಗಿ ನನಗೆ ನಗು ಬಂತು.

ಈಗ ಕೆಲಸದ ಮಾತು. ಏಜೆನ್ಸಿ ಮೂಲಕ ಹೋಗುವುದಾದರೆ ಅದಕ್ಕೆ ಸರ್ಕಾರದ ನೋಂದಣಿ ಇದೆಯಾ ನೋಡಿ. ಕರಾರು ಪತ್ರದಲ್ಲಿ ಸಂಬಳ, ರಜೆ, ಮಧ್ಯೆ ಬಿಟ್ಟರೆ ಎಷ್ಟು ಕಟ್ಟಬೇಕು, ಇಷ್ಟನ್ನು ಅಣ್ಣನ ಜೊತೆ ಕೂತು ಓದಿ. ಮೊದಲ ರಜೆ ಯಾವಾಗ ಅಂತ ಅಮ್ಮನಿಗೆ ತಿಂಗಳು ಸಮೇತ ಹೇಳಿ.

ಅದಕ್ಕೂ ಮೊದಲು ಈ ಭಾನುವಾರ ಊರಿಗೆ ಹೋಗಿ. ಊಟ ಆದಮೇಲೆ ಅಮ್ಮ ಮೊರ ಹಿಡಿದು ಅಕ್ಕಿ ಆರಿಸಲು ಕೂರುತ್ತಾರಲ್ಲ, ಪಕ್ಕದಲ್ಲಿ ಕೂತು ನೀವೂ ಕೈಹಾಕಿ. ‘ಅಮ್ಮಾ, ನಿಂಗೆ ಏನೇನು ಭಯ, ಒಂದೊಂದಾಗಿ ಹೇಳು’ ಅನ್ನಿ. ಮಧ್ಯೆ ಬಾಯಿ ಹಾಕಬೇಡಿ. ಮೊದಲು ಬರುವುದು ನಿಮ್ಮ ಮದುವೆ ಮಾತೇ ಅಂತ ನನ್ನ ಅನುಮಾನ.