ಕಟ್ಟಡದ ಅಂಚಿನಲ್ಲಿ ಫಾಲ್ಕನ್ ಕೂತರೆ

ಪ್ರಶ್ನೆ: ಎತ್ತರದ ಕಟ್ಟಡವೊಂದರ ಅಂಚಿಗೆ ಪೆರೆಗ್ರಿನ್ ಫಾಲ್ಕನ್ ಎಂಬ ಬೇಟೆ ಹಕ್ಕಿಯ ಜೋಡಿ ಬಂದಿದೆ. ನಾವು ಕೆಲವರು ಸ್ವಯಂಸೇವಕರಾಗಿ ನಿಗಾ ಇಡಬೇಕು ಅಂತಿದ್ದೇವೆ. ಆದರೆ ಅವು ಒಂದು ಕಡ್ಡಿಯನ್ನೂ ತಂದಿಲ್ಲ. ನಾವೇ ಕಡ್ಡಿ, ಹುಲ್ಲು ಇಟ್ಟು ಬರಬಹುದಾ?

ಉತ್ತರ: ದಯವಿಟ್ಟು ಬೇಡ. ಫಾಲ್ಕನ್ ಗೂಡು ಕಟ್ಟುವ ಹಕ್ಕಿಯೇ ಅಲ್ಲ. ಬಂಡೆಯ ಅಂಚಿನ ಮಣ್ಣನ್ನೋ ಜಲ್ಲಿಯನ್ನೋ ಕೆರೆದು ಸಣ್ಣ ತಗ್ಗು ಮಾಡಿ, ಅದರಲ್ಲೇ ಸಾಮಾನ್ಯವಾಗಿ ಮೂರ್ನಾಲ್ಕು ಮೊಟ್ಟೆ ಇಡುತ್ತದೆ. ಬರೀ ಕಾಂಕ್ರೀಟಿನ ಮೇಲೆ ಕೆರೆಯಲು ಏನಿದೆ ಹೇಳಿ? ಮೊಟ್ಟೆ ಉರುಳುತ್ತದೆ, ಇಲ್ಲವೇ ಮಳೆ ನೀರು ನಿಂತು ಕೆಡುತ್ತದೆ. ಹಾಗಾಗಿ ಸಣ್ಣ ಜಲ್ಲಿ ತುಂಬಿದ, ನೀರು ಬಸಿದು ಹೋಗಲು ತಳದಲ್ಲಿ ತೂತಿರುವ ಮರದ ಪೆಟ್ಟಿಗೆ ಇಡುವ ರೂಢಿ ಇದೆ. ಆದರೆ ಅದನ್ನು ಮೊಟ್ಟೆಯ ಕಾಲಕ್ಕೆ ಬಹಳ ಮುಂಚೆಯೇ, ಕಟ್ಟಡದವರ ಮತ್ತು ವನ್ಯಜೀವಿ ಅಧಿಕಾರಿಗಳ ಒಪ್ಪಿಗೆ ಪಡೆದು ಇಡಬೇಕು. ಈಗ ಹತ್ತಿರ ಹೋದರೆ ಜೋಡಿ ಜಾಗ ಬಿಟ್ಟೇ ಹೋಗಬಹುದು. ಡ್ರೋನ್ ಅಂತೂ ಬೇಡವೇ ಬೇಡ, ಹಕ್ಕಿ ಅದರ ಮೇಲೆರಗಿ ರೆಕ್ಕೆ ಮುರಿದುಕೊಂಡೀತು.

ದೂರದಿಂದ ಟೆಲಿಸ್ಕೋಪಿನಲ್ಲಿ ನೋಡಿ, ತಾರೀಖು ಬರೆದಿಡಿ. ಒಂದು ಹಕ್ಕಿ ಎದ್ದ ಕೂಡಲೇ ಇನ್ನೊಂದು ಬಂದು ಕೂರುತ್ತಿದ್ದರೆ ಕಾವು ಶುರುವಾಗಿದೆ ಅಂತ ತಿಳಿಯಿರಿ. ಅಲ್ಲಿಂದ ಸುಮಾರು 33 ದಿನಕ್ಕೆ ಮರಿ, ಮತ್ತೆ ಆರು ವಾರಕ್ಕೆ ಹಾರಾಟ. ಬೇಟೆ ಅಂಚಿಗೇ ಬಂದು, ತಾಯಿ ತಲೆ ಬಗ್ಗಿಸಿ ಚೂರು ಚೂರು ಮಾಡಿ ತಿನ್ನಿಸುತ್ತಿದ್ದರೆ ಮರಿಯಾಗಿದೆ ಎಂದರ್ಥ. ನಿಮ್ಮ ಹತ್ತಿರ ಈ ತಾರೀಖುಗಳಿದ್ದರೆ, ಬಣ್ಣ ಹೊಡೆಯುವವರಿಗೆ, ಗಾಜು ಒರೆಸುವವರಿಗೆ, ಸೇತುವೆಯಾದರೆ ರಿಪೇರಿಯವರಿಗೆ, ಎಲ್ಲಿಯವರೆಗೆ ಕೆಲಸ ನಿಲ್ಲಿಸಬೇಕು ಅಂತ ಖಚಿತವಾಗಿ ಹೇಳಬಹುದು. ಸುಮ್ನೆ 'ಹಕ್ಕಿ ಇದೆ, ನಿಲ್ಲಿಸಿ' ಅಂದರೆ ಯಾರೂ ಕೇಳುವುದಿಲ್ಲ.

ಪ್ರಶ್ನೆ: ನಾಲ್ಕು ಜನ ನೋಡಿ ಬರೆದರೆ ಹಕ್ಕಿಗೇನು ಲಾಭ?

ಉತ್ತರ: ಈ ಹಕ್ಕಿ ಉಳಿದಿರುವುದಕ್ಕೆ ಹಾಗೆ ಎಣಿಸಿ ಬರೆದವರೂ ಒಂದು ಕಾರಣ. 1960ರ ಸುಮಾರಿಗೆ ಬ್ರಿಟನ್ನಿನ ಪಾರಿವಾಳ ಸಾಕುವವರು ಫಾಲ್ಕನ್ ಕಾಟ ಜಾಸ್ತಿಯಾಗಿದೆ ಎಂದು ದೂರಿದರು. ಸರಿ, ಎಣಿಸೋಣ ಎಂದು ಹೊರಟರೆ ಕಂಡದ್ದು ಉಲ್ಟಾ. ಫಾಲ್ಕನ್‌ಗಳು ವೇಗವಾಗಿ ಕಡಿಮೆಯಾಗುತ್ತಿದ್ದವು. ಆ ಎಣಿಕೆಯ ಹೊಣೆ ಹೊತ್ತಿದ್ದ ಡೆರೆಕ್ ರಾಟ್‌ಕ್ಲಿಫ್ ಆಮೇಲೆ ಹಳೆಯ ಸಂಗ್ರಹಗಳ ಮೊಟ್ಟೆಗಳನ್ನು ಹೊಸವುಗಳ ಜೊತೆ ಹೋಲಿಸಿ, 1940ರ ದಶಕದ ಕೊನೆಯಿಂದ ಚಿಪ್ಪು ತೆಳುವಾಗಿದೆ ಎಂದು 1967ರಲ್ಲಿ ತೋರಿಸಿದರು. ಡಿಡಿಟಿ ಎಂಬ ಕೀಟನಾಶಕ ಬೇಟೆಯ ಮೂಲಕ ಹಕ್ಕಿಯ ಮೈ ಸೇರಿ, ಚಿಪ್ಪು ತೆಳುವಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. ಅಮೆರಿಕ 1972ರಲ್ಲಿ ಡಿಡಿಟಿ ನಿಷೇಧಿಸಿತು. ಸಾಕಿ ಬೆಳೆಸಿದ ಮರಿಗಳನ್ನು ಗೋಪುರ, ಕಟ್ಟಡಗಳಿಂದಲೂ ಬಿಟ್ಟರು. 1999ರಲ್ಲಿ ಅಲ್ಲಿನ ಅಳಿವಿನಂಚಿನ ಪಟ್ಟಿಯಿಂದ ಈ ಹಕ್ಕಿಯ ಹೆಸರು ತೆಗೆದರು. ಅದಕ್ಕೇ ಕೇಳುತ್ತೇನೆ, ಏನೂ ನಡೆಯದ ದಿನವನ್ನೂ ಬರೆದಿಡಿ.

ಪ್ರಶ್ನೆ: ಮರಿ ರಸ್ತೆಗೆ ಇಳಿದರೆ?

ಉತ್ತರ: ಮೊದಲ ಹಾರಾಟದ ವಾರ ಇದು ಆಗುವಂಥದ್ದೇ, ಆ ವಾರ ಕಾವಲಿಗೆ ಜಾಸ್ತಿ ಜನ ಬೇಕು. ನೆಲದಿಂದ ಮೇಲೇಳುವುದು ಅದಕ್ಕೆ ಕಷ್ಟ. ವಾಹನ, ನಾಯಿ, ಜನ ಹತ್ತಿರ ಬಾರದಂತೆ ನೋಡಿಕೊಂಡು, ಪಕ್ಷಿ ರಕ್ಷಣೆಯವರನ್ನು ಕರೆಯಿರಿ. ಗಾಯವಿಲ್ಲದಿದ್ದರೆ ಅವರು ಅದನ್ನು ಎತ್ತರದ ತಾರಸಿಯಲ್ಲಿ ಬಿಡುತ್ತಾರೆ, ತಾಯ್ತಂದೆ ಅಲ್ಲೇ ಬಂದು ಉಣಿಸುತ್ತವೆ. ನೀವು ನೀರು ಕುಡಿಸಲು, ಏನಾದರೂ ತಿನ್ನಿಸಲು ಹೋಗಬೇಡಿ.